ಕಾದಂಬರಿಯ ಊರನ್ನೇ ಬದಲಿಸಿ ಅಂತಾರೆ ನಿರ್ಮಾಪಕರು. ಎಲ್ಲಿವರೆಗೆ ಒಪ್ಪಬಹುದು?

ಕುಂಬಳೆ ಕಡಲು:
ಎಲ್ಲರಿಗೂ ನಮಸ್ಕಾರ. ಒಂದು ವಿಷಯದಲ್ಲಿ ನಿಮ್ಮ ಅಭಿಪ್ರಾಯ ಬೇಕಿತ್ತು. ನಮ್ಮ ಕಡೆಯ ಹಿರಿಯ ಲೇಖಕರೊಬ್ಬರ ಹಳೆಯ ಕಾದಂಬರಿಗೆ ನಾನೂ ಗೆಳೆಯನೂ ಸೇರಿ ಚಿತ್ರಕಥೆ ಬರೆದಿದ್ದೇವೆ. ಲೇಖಕರ ಮನೆಯವರು ಸಂತೋಷದಿಂದಲೇ ಒಪ್ಪಿಗೆ ಕೊಟ್ಟಿದ್ದಾರೆ. ಕಥೆ ನಡೆಯುವುದು ಕಾಸರಗೋಡಿನ ಕುಂಬಳೆ, ಮಂಜೇಶ್ವರದ ನಡುವೆ. ಮನೆಯೊಳಗೆ ಕನ್ನಡ, ಗದ್ದೆಯಲ್ಲಿ ತುಳು, ಪೇಟೆಗೆ ಹೋದರೆ ಮಲಯಾಳಂ, ಪಕ್ಕದ ಮನೆಯ ಅಜ್ಜಿಯ ಹತ್ತಿರ ಬ್ಯಾರಿ. 1956ರಲ್ಲಿ ಊರು ಕೇರಳಕ್ಕೆ ಸೇರಿದ ಮೇಲೆ ಒಂದೇ ಮನೆಯ ಅಣ್ಣ ತಮ್ಮಂದಿರು ಬೇರೆ ಬೇರೆ ದಾರಿ ಹಿಡಿಯುತ್ತಾರೆ. ಅದೇ ಕಥೆ.

ಬೆಂಗಳೂರಿನ ನಿರ್ಮಾಪಕರೊಬ್ಬರು ಕಥೆ ಕೇಳಿದರು. ಇಷ್ಟ ಆಯಿತು ಅಂದರು. ಆಮೇಲೆ ಷರತ್ತು ಶುರುವಾಯಿತು. ಊರು ಮಂಗಳೂರು ಅಂತ ಮಾಡಿ. ಎಲ್ಲರೂ ಒಂದೇ ಕನ್ನಡ ಮಾತಾಡಲಿ. ಎರಡು ಹಾಡು ಬೇಕು. ತಮ್ಮ ಕೊನೆಗೆ ಮನೆ ಬಿಟ್ಟು ಹೋಗಬಾರದು, ಎಲ್ಲರೂ ಒಂದಾಗಬೇಕು. ಅವರ ವಾದ ಇಷ್ಟೇ. ಕಾಸರಗೋಡಿನ ಥಿಯೇಟರಿನಲ್ಲಿ ಕನ್ನಡ ಸಿನಿಮಾಕ್ಕೆ ಸರಿಯಾದ ಷೋ ಸಿಗುವುದಿಲ್ಲ, ಬೆಂಗಳೂರಿನವರಿಗೆ ಕಾಸರಗೋಡಿನ ನೋವು ಗೊತ್ತಿಲ್ಲ, ಹಾಗಿದ್ದ ಮೇಲೆ ಟಿಕೆಟ್ ತೆಗೆದುಕೊಳ್ಳುವವರು ಯಾರು?

ಗೆಳೆಯ ಹೇಳುತ್ತಾನೆ, ಒಪ್ಪೋಣ, ಸಿನಿಮಾ ಆಗದೇ ಇರುವುದಕ್ಕಿಂತ ಆಗುವುದು ಮೇಲು. ನನಗೆ ಮನಸ್ಸಾಗುತ್ತಿಲ್ಲ. ಕಾದಂಬರಿಯನ್ನು ಸಿನಿಮಾ ಮಾಡುವಾಗ ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು?

ನೀರ್ಚಾಲು:
ಒಪ್ಪಬೇಡಿ. ಊರು ಹೋದ ಮೇಲೆ ಕಥೆ ಎಲ್ಲಿ ಉಂಟು?

ಬದಿಯಡ್ಕ ಟು ಬೆಂಗಳೂರು:
ನೀರ್ಚಾಲಿನವರೇ, ಅಷ್ಟು ಸುಲಭ ಅಲ್ಲ. ನಾನು ಕೆಲವು ಸಿನಿಮಾಗಳಿಗೆ ಸಹಾಯಕ ನಿರ್ದೇಶಕನಾಗಿ ದುಡಿದವನು, ಹಾಗಾಗಿ ಆ ಕಡೆಯ ಮಾತನ್ನೂ ಹೇಳುತ್ತೇನೆ.

ಕಾದಂಬರಿ ಬರೆಯಲು ಕಾಗದ, ಪೆನ್ನು, ಸಮಯ ಸಾಕು. ಸಿನಿಮಾ ಅಂದರೆ ಬೆಳಿಗ್ಗೆ ಯೂನಿಟ್ಟಿನ ತಿಂಡಿಯಿಂದ ಖರ್ಚು ಶುರು. ಹಾಕಿದ ಬಂಡವಾಳ ಬರುವ ದಾರಿಗಳೂ ಕಡಿಮೆ. ಮೊದಲ ವಾರದ ಕಲೆಕ್ಷನ್, ಟಿವಿ ಹಕ್ಕು, ಒಟಿಟಿ, ಸರ್ಕಾರದ ಸಬ್ಸಿಡಿ. ಸಣ್ಣ ಕನ್ನಡ ಸಿನಿಮಾವನ್ನು ಒಟಿಟಿಯವರು ಬಿಡುಗಡೆಗೆ ಮೊದಲೇ ಕೊಳ್ಳುವುದು ಈಗ ಅಪರೂಪ. ಹೀಗಿರುವಾಗ ಹಣ ಹಾಕುವವನು ಹೆದರುವುದು ತಪ್ಪಲ್ಲ.

ಬದಲಾವಣೆ ಅಂದ ಕೂಡಲೇ ಸಿಟ್ಟು ಬೇಡ. 1972ರ ‘ನಾಗರಹಾವು’ ನೋಡಿ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲ್ ಒಂದು ಸಿನಿಮಾ ಮಾಡಿದರು. ತ.ರಾ.ಸು. ಅವರಿಗೆ ಅದು ಸಮಾಧಾನ ಕೊಡಲಿಲ್ಲ. ಆದರೆ ಇವತ್ತು ಆ ಕಾದಂಬರಿಗಳ ಹೆಸರು ಜನರ ಬಾಯಲ್ಲಿ ಇರುವುದು ಸಿನಿಮಾದಿಂದ ಅಲ್ವಾ? ಪುಸ್ತಕ ತೆರೆಯದವನಿಗೂ ರಾಮಾಚಾರಿ ಗೊತ್ತು, ಚಾಮಯ್ಯ ಮೇಷ್ಟ್ರು ಗೊತ್ತು.

ಪೆರ್ಲದ ಮೇಷ್ಟ್ರು:
‘ನಾಗರಹಾವು’ ನೀವು ತಂದದ್ದು ಒಳ್ಳೆಯದಾಯಿತು, ಅದು ನಿಮ್ಮ ವಾದಕ್ಕೇ ವಿರುದ್ಧ. ಪುಟ್ಟಣ್ಣ ಕಥೆ ಬೆಸೆದರು, ಹಾಡು ಹಾಕಿದರು, ಪಾತ್ರಗಳನ್ನು ತಿದ್ದಿದರು. ಆದರೆ ಚಿತ್ರದುರ್ಗವನ್ನು ಬಿಟ್ಟರಾ? ಕೋಟೆ ತೆಗೆದು ನೋಡಿ, ಏನು ಉಳಿಯುತ್ತದೆ? ಓಬವ್ವನ ಹಾಡು ಬೇರೆ ಯಾವ ಊರಿನಲ್ಲಿ ನಿಲ್ಲುತ್ತದೆ? ವ್ಯಾಪಾರಿ ಸಿನಿಮಾದವರೇ ಊರನ್ನು ಅಷ್ಟು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಅದರಿಂದ ಕಲೆಕ್ಷನ್ ಕಡಿಮೆ ಆಗಲಿಲ್ಲ.

ಕುಂಬಳೆಯವರ ಕಥೆಯಲ್ಲಂತೂ ಊರೇ ಕಾರಣ. ಮಂಗಳೂರು ಕರ್ನಾಟಕಕ್ಕೆ ಸೇರಿತು, ನಾವು ಕೇರಳಕ್ಕೆ ಸೇರಿದೆವು. ಆ ಅಣ್ಣ ತಮ್ಮಂದಿರು ಮಂಗಳೂರಿನಲ್ಲಿ ಹುಟ್ಟಿದ್ದರೆ ಬೇರೆ ಆಗುವುದು ಯಾವುದಕ್ಕೆ? ಜಾಗದ ಪಾಲಿಗಾ? ಆಗ ಅದು ಬೇರೆಯೇ ಕಥೆ. ಅದಕ್ಕೆ ಆ ಹಿರಿಯರ ಕಾದಂಬರಿ ಯಾಕೆ ಬೇಕು, ಸುಮ್ನೆ ಹೊಸದಾಗಿ ಬರೆದುಕೊಳ್ಳಲಿ.

ಉಪ್ಪಳ ಗೇಟ್:
ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು ಸರಿ.

ಬದಿಯಡ್ಕ ಟು ಬೆಂಗಳೂರು:
ಮೇಷ್ಟ್ರೆ, ಊರಿನ ವಿಷಯ ಒಪ್ಪಿದೆ. ಭಾಷೆಯದು? ನಾಲ್ಕು ಭಾಷೆಯ ಸಿನಿಮಾವನ್ನು ಹಾಸನದವನು, ರಾಯಚೂರಿನವನು ಹೇಗೆ ನೋಡುತ್ತಾನೆ? ಶಿವರಾಮ ಕಾರಂತರ ‘ಚೋಮನ ದುಡಿ’ ಕಾದಂಬರಿಯ ಚೋಮ ನಿಜವಾಗಿ ತುಳು ಮಾತಾಡುವ ಮನುಷ್ಯ. ಕಾರಂತರು ಅವನಿಗೆ ಕನ್ನಡ ಕೊಟ್ಟರು. ಬಿ.ವಿ. ಕಾರಂತರ ಸಿನಿಮಾದಲ್ಲೂ ಕನ್ನಡವೇ. 1975ರ ಅತ್ಯುತ್ತಮ ಚಿತ್ರದ ಸ್ವರ್ಣ ಕಮಲ ಅದಕ್ಕೇ ಬಂತು, ಎಂ.ವಿ. ವಾಸುದೇವ ರಾವ್ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿ ಬಂತು. ಭಾಷೆ ಒಂದು ಮಾಡಿದ್ದರಿಂದ ಚೋಮನ ನೋವು ಕಡಿಮೆ ಆಯಿತಾ?

ಪೆರ್ಲದ ಮೇಷ್ಟ್ರು:
ಕಡಿಮೆ ಆಗಲಿಲ್ಲ, ಯಾಕೆಂದರೆ ಅಲ್ಲಿ ನೋವು ಇರುವುದು ಭೂಮಿಯಲ್ಲಿ. ಚೋಮನಿಗೆ ಬೇಕಾದ್ದು ಸ್ವಂತಕ್ಕೆ ಒಂದು ತುಂಡು ಗದ್ದೆ. ಅವನ ಜಾತಿಯವರಿಗೆ ಬೇಸಾಯದ ಹಕ್ಕಿಲ್ಲ, ಅದೇ ಸಂಕಟ. ಯಾವ ಭಾಷೆಯಲ್ಲಿ ಹೇಳಿದರೂ ಅದು ಮುಟ್ಟುತ್ತದೆ. ಜೊತೆಗೆ ಅವನ ದುಡಿ ಉಂಟು, ಬಾಯಿ ಸೋತಾಗ ಅದೇ ಮಾತಾಡುತ್ತದೆ. ಬಿ.ವಿ. ಕಾರಂತರು ಬಂಟ್ವಾಳ ಕಡೆಯ ಮಂಚಿಯವರು, ಆ ಬಡಿತ ಕೇಳಿ ಬೆಳೆದವರು. ಇಲ್ಲಿ ಹಾಗಲ್ಲ. ಇವರ ಕಥೆಯಲ್ಲಿ ಜಗಳವೇ ಭಾಷೆಯದ್ದು. ಅಣ್ಣ ಯಾವ ಶಾಲೆಗೆ ಮಕ್ಕಳನ್ನು ಕಳಿಸುತ್ತಾನೆ, ತಮ್ಮ ಯಾವ ಕಚೇರಿಯಲ್ಲಿ ಅರ್ಜಿ ಕೊಡುತ್ತಾನೆ, ಎಲ್ಲ ಅದರ ಮೇಲೆ ನಿಂತಿದೆ.

ಪಯಸ್ವಿನಿ:
ನನ್ನದೊಂದು ಮಾತು. ಬದಲಾವಣೆ ಎಷ್ಟು ದೊಡ್ಡದು ಅಂತ ನೋಡಬಾರದು. ಯಾರಿಗೋಸ್ಕರ ಬದಲಾವಣೆ ಅಂತ ನೋಡಬೇಕು.

‘ಗುಲಾಬಿ ಟಾಕೀಸ್’ ನೋಡಿದ್ದೀರಾ? ವೈದೇಹಿ ಅವರ ಕಥೆಯಲ್ಲಿ ಊರಿಗೆ ಬರುವುದು ಸಿನಿಮಾ ಟಾಕೀಸು. ಗಿರೀಶ್ ಕಾಸರವಳ್ಳಿ ಅದನ್ನು ತೊಂಬತ್ತರ ದಶಕದ ಕೊನೆಗೆ ತಂದರು. ಟಾಕೀಸಿನ ಜಾಗದಲ್ಲಿ ಕಲರ್ ಟಿವಿ, ಡಿಶ್ ಬಂತು. ನಾಯಕಿ ಮೀನುಗಾರರ ನಡುವೆ ಬದುಕುವ ಮುಸ್ಲಿಂ ಸೂಲಗಿತ್ತಿ. ಹಿನ್ನೆಲೆಯಲ್ಲಿ ಕಾರ್ಗಿಲ್ ಯುದ್ಧ. ನಿರ್ಮಾಪಕರು ಕೇಳುವುದಕ್ಕಿಂತ ಎಷ್ಟೋ ಜಾಸ್ತಿ ಬದಲಾವಣೆ ಇದು. ಆದರೂ ಮೋಸ ಅನಿಸುವುದಿಲ್ಲ. ಬದಲಿಸಿದ್ದರಿಂದ ಕಥೆ ಇನ್ನಷ್ಟು ಆಳಕ್ಕೆ ಇಳಿಯಿತು. ನೆರೆಹೊರೆಯವರ ನಡುವೆ ಅನುಮಾನ ಹೇಗೆ ಹುಟ್ಟುತ್ತದೆ ಎಂಬುದನ್ನು ಅಷ್ಟು ಚೆನ್ನಾಗಿ ತೋರಿಸಿದ ಕನ್ನಡ ಸಿನಿಮಾ ನನಗೆ ಬೇರೆ ಗೊತ್ತಿಲ್ಲ. ಉಮಾಶ್ರೀ ಅವರಿಗೆ ರಾಷ್ಟ್ರ ಪ್ರಶಸ್ತಿ ಬಂದದ್ದು ಅದಕ್ಕೇ.

ಕುಂಬಳೆಯವರೇ, ನಿಮ್ಮ ನಿರ್ಮಾಪಕರ ಷರತ್ತುಗಳಲ್ಲಿ ಕಥೆಗೆ ಬೇಕಾದದ್ದು ಒಂದಾದರೂ ಉಂಟಾ? ಇದ್ದರೆ ಅದನ್ನು ಒಪ್ಪಿ.

ಉಪ್ಪಳ ಗೇಟ್:
ಹಾಡು ಇರಲಿ ಮಾರಾಯ್ರೆ. ಮದುವೆ ಮನೆಯ ಶೋಭಾನೆ ಹಾಡು ಹಾಕಿದರೆ ಯಾರಿಗೂ ಬೇಸರ ಇಲ್ಲ.

ತಳಂಗರೆ ಹುಡುಗಿ:
ಕಾಸರಗೋಡಿನ ಕಾದಂಬರಿ, ಸಿನಿಮಾ ಅಂತ ಇಷ್ಟು ಮಾತಾಡಿ ಸಾರಾ ಅಬೂಬಕ್ಕರ್ ಹೆಸರು ಯಾರೂ ತೆಗೆಯಲಿಲ್ಲ. ನನಗೆ ಬೇಸರ ಆಯಿತು.

‘ಚಂದ್ರಗಿರಿಯ ತೀರದಲ್ಲಿ’ ನಮ್ಮ ಹೊಳೆಯ ದಡದ ಕಥೆ. ನಾದಿರಾಳನ್ನು ಅಪ್ಪನೇ ಗಂಡನಿಂದ ಬಿಡಿಸುತ್ತಾನೆ. ಮತ್ತೆ ಅದೇ ಗಂಡನನ್ನು ಸೇರಬೇಕಾದರೆ ನಡುವೆ ಇನ್ನೊಬ್ಬನನ್ನು ಮದುವೆಯಾಗಿ ಒಂದು ರಾತ್ರಿ ಕಳೆಯಬೇಕು ಅನ್ನುತ್ತಾರೆ. ನನ್ನ ಅಜ್ಜಿ ಅದನ್ನು ಓದಿಸಿಕೊಂಡು ಕೇಳಿ ಒಂದು ವಾರ ಸರಿಯಾಗಿ ಯಾರ ಹತ್ತಿರವೂ ಮಾತಾಡಲಿಲ್ಲ ಅಂತ ಅಮ್ಮ ಹೇಳುತ್ತಾರೆ.

2011ರಲ್ಲಿ ‘ಬ್ಯಾರಿ’ ಅಂತ ಸಿನಿಮಾ ಬಂತು. ಬ್ಯಾರಿ ಭಾಷೆಯ ಮೊದಲ ಸಿನಿಮಾ. ಆ ವರ್ಷದ ರಾಷ್ಟ್ರಮಟ್ಟದ ಅತ್ಯುತ್ತಮ ಚಿತ್ರ ಪ್ರಶಸ್ತಿಯನ್ನು ಮರಾಠಿಯ ‘ದೇವೂಳ್’ ಜೊತೆ ಹಂಚಿಕೊಂಡಿತು. ಆದರೆ ಅದು ತನ್ನ ಕಾದಂಬರಿಯದ್ದೇ ಕಥೆ, ಯಾರೂ ತನ್ನನ್ನು ಕೇಳಲಿಲ್ಲ ಅಂತ ಸಾರಾ ಅವರು ಕೋರ್ಟಿಗೆ ಹೋದರು. ಅಷ್ಟು ವಯಸ್ಸಾದ ಮೇಲೆ ವರ್ಷಗಟ್ಟಲೆ ಕೇಸು ನಡೆಸಿದರು. ಮಂಗಳೂರಿನ ಕೋರ್ಟು ಅವರ ಪರವಾಗಿಯೇ ತೀರ್ಪು ಕೊಟ್ಟಿತು. 2023ರ ಜನವರಿಯಲ್ಲಿ ಅವರು ತೀರಿಕೊಂಡರು.

ಬಂಡವಾಳದ ಒತ್ತಡ, ಜನರ ರುಚಿ ಅಂತ ನೀವು ಮಾತಾಡುತ್ತಿದ್ದೀರಿ. ಅದಕ್ಕೂ ಮೊದಲ ಹೆಜ್ಜೆ, ಬರೆದವರನ್ನು ಕೇಳುವುದು. ಕುಂಬಳೆಯವರು ಕೇಳಿದ್ದಾರೆ, ಅದು ನನಗೆ ತುಂಬಾ ಖುಷಿ ಕೊಟ್ಟಿತು. ಮನೆಯವರು ಒಪ್ಪಿದ್ದು ಯಾವ ಕಥೆಗೆ? ಊರು, ಭಾಷೆ, ಕೊನೆ ಎಲ್ಲ ಬದಲಾದ ಕಥೆಗೂ ಅವರ ಒಪ್ಪಿಗೆ ಉಂಟಾ ಅಂತ ಮತ್ತೆ ಕೇಳಬೇಕು.

ಅಡೂರು 671:
ಚಂದ್ರಗಿರಿ ಮೂಲ ಮಲಯಾಳಂ ಕಾದಂಬರಿ ಅಲ್ವಾ?

ತಳಂಗರೆ ಹುಡುಗಿ:
ಖಂಡಿತ ಅಲ್ಲ. ಮೂಲ ಕನ್ನಡ. ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದದ್ದು. ಮನೆಯ ಮಾತು ಬೇರೆಯಾದರೂ ಕನ್ನಡದಲ್ಲಿ ಓದಿ ಕನ್ನಡದಲ್ಲೇ ಬರೆದರು. ನಮ್ಮೂರಿನವರಿಗೇ ಇದು ಗೊತ್ತಿಲ್ಲ ಅಂದರೆ ಹೇಗೆ?

ನೀರ್ಚಾಲು:
ಅವರ ‘ವಜ್ರಗಳು’ ಕಾದಂಬರಿ ಕೂಡ ಸಿನಿಮಾ ಆಗಿದೆ, ‘ಸಾರಾವಜ್ರ’ ಅಂತ. ಅನು ಪ್ರಭಾಕರ್ ಮಾಡಿದ್ದಾರೆ. ಎಷ್ಟು ಜನ ನೋಡಿದ್ದೀರಿ?

ಪಯಸ್ವಿನಿ:
ನಾನು ನೋಡಿಲ್ಲ, ನಮ್ಮ ಕಡೆಗೆ ಬರಲೇ ಇಲ್ಲ. ಇದೇ ದೊಡ್ಡ ಕಷ್ಟ. ಕನ್ನಡ ಸಿನಿಮಾ ಬೇಕು ಅಂತ ಹೇಳುತ್ತೇವೆ, ನೋಡಬೇಕಾದರೆ ಗಡಿ ದಾಟಿ ಮಂಗಳೂರಿಗೆ ಹೋಗಬೇಕು. ಟಿಕೆಟ್, ಪಾಪ್‌ಕಾರ್ನ್, ಪೆಟ್ರೋಲು ಸೇರಿದರೆ ಒಂದು ಮನೆಗೆ ಸಣ್ಣ ಖರ್ಚಲ್ಲ.

ಕಾಞಂಗಾಡ್ ಸೆಕೆಂಡ್ ಷೋ:
ಇದಕ್ಕೇ ನಾನು ಮಲಯಾಳಂ ಜಾಸ್ತಿ ನೋಡುವುದು. ಅಲ್ಲಿ ಬರಹಗಾರನಿಗೆ ಬೆಲೆ ಉಂಟು. ತಗಳಿಯವರ ಕಾದಂಬರಿ ‘ಚೆಮ್ಮೀನ್’ 1965ರಲ್ಲೇ ಸಿನಿಮಾ ಆಯಿತು, ದಕ್ಷಿಣ ಭಾರತದ ಸಿನಿಮಾಕ್ಕೆ ಮೊದಲ ಬಾರಿಗೆ ರಾಷ್ಟ್ರಪತಿಗಳ ಚಿನ್ನದ ಪದಕ ತಂದಿತು. ಹಾಡುಗಳೂ ಹಿಟ್ಟು, ದುಡ್ಡೂ ಬಂತು. ಮೊನ್ನೆ ಮೊನ್ನೆ ‘ಆಡುಜೀವಿತಂ’ ಬಂತಲ್ಲ, ಬೆನ್ಯಾಮಿನ್ ಕಾದಂಬರಿ. ಪುಸ್ತಕ ಬಂದದ್ದು 2008ರಲ್ಲಿ, ಬ್ಲೆಸ್ಸಿ ಸಿನಿಮಾ ತಂದದ್ದು 2024ರಲ್ಲಿ. ಅಷ್ಟು ವರ್ಷ ಒಬ್ಬ ನಿರ್ದೇಶಕ ಒಂದು ಕಾದಂಬರಿಯ ಹಿಂದೆ ನಿಂತ. ನಮ್ಮಲ್ಲಿ ಯಾರು ನಿಲ್ಲುತ್ತಾರೆ?

ಬದಿಯಡ್ಕ ಟು ಬೆಂಗಳೂರು:
ಅಲ್ಲೂ ಎಲ್ಲ ಸುಖ ಇಲ್ಲ ಅಣ್ಣ. ಎಂ.ಟಿ. ವಾಸುದೇವನ್ ನಾಯರ್ ಅವರಂಥ ದೊಡ್ಡವರೇ ತಮ್ಮ ‘ರಂಡಾಮೂಳಂ’ ಕಾದಂಬರಿಯ ಚಿತ್ರಕಥೆಯನ್ನು ವಾಪಸ್ ಕೇಳಲು ಕೋರ್ಟಿಗೆ ಹೋಗಬೇಕಾಯಿತು. 1000 ಕೋಟಿ ರೂಪಾಯಿಯ ಸಿನಿಮಾ ಅಂತ ದೊಡ್ಡದಾಗಿ ಘೋಷಣೆ ಆಗಿತ್ತು. ಒಪ್ಪಂದದ ಅವಧಿ ಮುಗಿದರೂ ಕೆಲಸ ಶುರುವಾಗಲಿಲ್ಲ. 2018ರಲ್ಲಿ ಕೇಸು, 2020ರಲ್ಲಿ ರಾಜಿ, ಚಿತ್ರಕಥೆ ಮರಳಿ ಅವರ ಕೈಗೆ. ಬಜೆಟ್ ದೊಡ್ಡದಾದ ಕೂಡಲೇ ಕೃತಿಗೆ ಗೌರವ ಬರುವುದಿಲ್ಲ.

ಮತ್ತೆ ‘ನಮ್ಮಲ್ಲಿ ಯಾರೂ ಇಲ್ಲ’ ಅನ್ನಬೇಡಿ. ಪಿ. ಶೇಷಾದ್ರಿ ಅವರು ಕಾರಂತರ ‘ಬೆಟ್ಟದ ಜೀವ’ ಮಾಡಿದರು, 2019ರಲ್ಲಿ ‘ಮೂಕಜ್ಜಿಯ ಕನಸುಗಳು’ ಮಾಡಿದರು. ಇಡೀ ಸಿನಿಮಾವನ್ನು ಒಬ್ಬ ಮುದುಕಿಯ ಮಾತಿನ ಮೇಲೆ ನಿಲ್ಲಿಸುವ ಧೈರ್ಯ ಗಾಂಧಿನಗರದಲ್ಲಿ ಎಷ್ಟು ಜನಕ್ಕೆ ಉಂಟು? ಬಿ. ಜಯಶ್ರೀ ಅವರ ಮೂಕಜ್ಜಿಯನ್ನು ಒಮ್ಮೆ ನೋಡಿ.

ಅಡೂರು 671:
ನನಗೆ ‘ಮೂಕಜ್ಜಿ’ ಪುಸ್ತಕವೇ ಇಷ್ಟ. ಅಜ್ಜಿಗೆ ಕಾಣುವುದನ್ನು ಓದುವಾಗ ನಮ್ಮ ತಲೆಯೊಳಗೆ ಆಗುವುದೇ ಬೇರೆ. ತೆರೆಯ ಮೇಲೆ ಅದು ಬರಲು ಸಾಧ್ಯ ಇಲ್ಲ.

ಬಯಲಾಟ ಪ್ರಿಯ:
ಸ್ವಲ್ಪ ಬೇರೆ ವಿಷಯ, ಕ್ಷಮಿಸಿ. ಈ ಒತ್ತಡ ಸಿನಿಮಾಕ್ಕೆ ಮಾತ್ರ ಬಂದದ್ದಲ್ಲ. ನಮ್ಮ ಕುಂಬಳೆಯ ಪಾರ್ತಿಸುಬ್ಬ ರಾಮಾಯಣವನ್ನು ಯಕ್ಷಗಾನ ಆಟದ ಪದ್ಯ ಮಾಡಿದ. ಅದೂ ಒಂದು ರೂಪಾಂತರವೇ. ಆಮೇಲೆ ಟೆಂಟ್ ಮೇಳಗಳು ಬಂದವು, ಟಿಕೆಟ್ ಬಂತು, ಟಿಕೆಟ್ ಜೊತೆಗೆ ಸಿನಿಮಾ ಕಥೆಯಂಥ ಪ್ರಸಂಗಗಳೂ ಬಂದವು. ಈಗ ಕಾಲಮಿತಿ. ರಾತ್ರಿ ಇಡೀ ಆಡುತ್ತಿದ್ದದ್ದನ್ನು ಕೆಲವೇ ಗಂಟೆಯಲ್ಲಿ ಮುಗಿಸಬೇಕು. ಭಾಗವತರು ಪದ್ಯ ಬಿಡುತ್ತಾರೆ. ಮೊದಲು ಹೋಗುವುದು ನಿಧಾನದ ಪದ್ಯಗಳು, ಕರುಣದ ಪದ್ಯಗಳು. ಕುಣಿತ, ಯುದ್ಧ ಉಳಿಯುತ್ತದೆ. ನನಗೆ ಇದು ಬಹಳ ಸಂಕಟದ ವಿಷಯ. ಹಣದ ಕಣ್ಣಿಗೆ ಮೊದಲು ‘ಅನಗತ್ಯ’ ಅಂತ ಕಾಣುವುದು ನಿಧಾನವೇ.

ಉಪ್ಪಳ ಗೇಟ್:
ಕಾಲಮಿತಿ ಬಂದದ್ದರಿಂದಲೇ ನನ್ನ ಮಕ್ಕಳು ಆಟಕ್ಕೆ ಬರುತ್ತಾರೆ. ಬೆಳಗಿನ ತನಕ ಕೂರಿಸಿದರೆ ಬರುತ್ತಿರಲಿಲ್ಲ.

ಬಯಲಾಟ ಪ್ರಿಯ:
ಬರಲಿ, ಒಳ್ಳೆಯದೇ. ಆದರೆ ಅವರು ನೋಡಿದ್ದು ಇಡೀ ಆಟ ಅಂತ ಅವರಿಗೆ ಅನಿಸಬಾರದು. ಒಮ್ಮೆಯಾದರೂ ಬೆಳಗಿನ ತನಕದ ಹರಕೆ ಆಟಕ್ಕೆ ಕರೆದುಕೊಂಡು ಬನ್ನಿ.

ನೀರ್ಚಾಲು:
ವಿಷಯಕ್ಕೆ ಬರೋಣ. ಕಾಸರಗೋಡು ಅಂದರೆ ಬೆಂಗಳೂರಿನವರು ಟಿಕೆಟ್ ತೆಗೆದುಕೊಳ್ಳುವುದಿಲ್ಲ ಅಂತ ಆ ನಿರ್ಮಾಪಕರು ಹೇಳಿದ್ದು ಹೇಗೆ? 2018ರಲ್ಲಿ ಹೆಸರಿನಲ್ಲೇ ಕಾಸರಗೋಡು ಇಟ್ಟುಕೊಂಡು ರಿಷಬ್ ಶೆಟ್ಟಿ ಸಿನಿಮಾ ಮಾಡಿದರು, ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು’ ಅಂತ. ಕನ್ನಡ ಶಾಲೆ ಉಳಿಸುವ ಕಥೆ. ಬೆಂಗಳೂರಿನಲ್ಲೂ ಓಡಿತು, ರಾಷ್ಟ್ರ ಪ್ರಶಸ್ತಿಯೂ ಬಂತು.

ಬದಿಯಡ್ಕ ಟು ಬೆಂಗಳೂರು:
ಅದರಲ್ಲಿ ನಗು ಇತ್ತು, ಮಕ್ಕಳಿದ್ದರು, ಹಾಡುಗಳು ಹಿಟ್ಟಾಗಿದ್ದವು, ಅನಂತ್ ನಾಗ್ ಇದ್ದರು. ಕಾದಂಬರಿ ಆಧಾರಿತವೂ ಅಲ್ಲ.

ನೀರ್ಚಾಲು:
ಇರಲಿ. ಊರಿನ ಹೆಸರು ಅಡ್ಡಿ ಆಗಲಿಲ್ಲ ಅನ್ನುವುದು ಸಾಬೀತಾಯಿತಲ್ಲ? ನಾನು ಹೇಳುವುದು ಅಷ್ಟೇ.

ಕುಂಬಳೆ ಕಡಲು:
ಎಲ್ಲರಿಗೂ ತುಂಬಾ ಧನ್ಯವಾದ. ತಳಂಗರೆಯವರ ಮಾತು ಕೇಳಿ ಲೇಖಕರ ಮಗಳಿಗೆ ಫೋನ್ ಮಾಡಿದೆ. ಹಾಡಿಗೆ ಅಡ್ಡಿ ಇಲ್ಲ, ಊರು ಮಾತ್ರ ಬದಲಿಸಬೇಡಿ ಅಂದರು. ನಿರ್ಮಾಪಕರಿಗೆ ಅದನ್ನು ಹೇಳಿದೆ. ಅವರ ಆಫೀಸಿನವರು ಈಗ ಇನ್ನೊಂದು ಮಾತು ತಂದಿದ್ದಾರೆ. ಹಳೆಯ ಕಾದಂಬರಿಗೆ ಹಕ್ಕು ಅಂತ ಏನೂ ಇರುವುದಿಲ್ಲ, ಮನೆಯವರ ಮಾತು ಯಾಕೆ ಕೇಳಬೇಕು ಅಂತ. ಇದು ಸರಿಯಾ? ಲೇಖಕರು ತೀರಿಕೊಂಡದ್ದು ತೊಂಬತ್ತರ ದಶಕದಲ್ಲಿ.

ಮಂಜೇಶ್ವರ ಕೋರ್ಟ್ ರೋಡ್:
ಶುದ್ಧ ತಪ್ಪು. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮರುವರ್ಷದಿಂದ ಲೆಕ್ಕ ಹಾಕಿ 60 ವರ್ಷ ಹಕ್ಕು ಇರುತ್ತದೆ. ನಮ್ಮ ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ. ಅವರು ಬದುಕಿದ್ದಾಗ ಪ್ರಕಟವಾದ ಕೃತಿಗಳು 2024ರಿಂದ ಎಲ್ಲರದ್ದು. ಶಿವರಾಮ ಕಾರಂತರು 1997ರಲ್ಲಿ ಹೋದರು, ಅವರ ಕೃತಿಗಳಿಗೆ 2057 ಮುಗಿಯುವ ತನಕ ಹಕ್ಕು ಉಂಟು. ಪುಸ್ತಕ ಹಳೆಯದಾದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಸಿನಿಮಾ ಮಾಡುವ ಹಕ್ಕೂ ಅದರಲ್ಲೇ ಬರುತ್ತದೆ.

ಇನ್ನೊಂದು ವಿಷಯ ನಿಮಗೆ ಗೊತ್ತಿರಬೇಕು. ಹಿಂದಿಯ ಮನ್ನೂ ಭಂಡಾರಿ ಅವರು ‘ಆಪ್ಕಾ ಬಂಟಿ’ ಕಾದಂಬರಿಯ ಸಿನಿಮಾ ಹಕ್ಕು ಕೊಟ್ಟಿದ್ದರು. ಸಿನಿಮಾದಲ್ಲಿ ಕಥೆಯನ್ನು ಕೆಡಿಸಿದ್ದಾರೆ ಅಂತ ದೆಹಲಿ ಹೈಕೋರ್ಟಿಗೆ ಹೋದರು. 1986ರ ಆ ತೀರ್ಪು ಈಗಲೂ ವಕೀಲರ ಬಾಯಲ್ಲಿ ಇದೆ. ಸಿನಿಮಾಕ್ಕೆ ಬೇಕಾದಷ್ಟು ಬದಲಾವಣೆ ಮಾಡಬಹುದು, ಆದರೆ ಹಕ್ಕು ಮಾರಿದ ಮೇಲೂ ಕೃತಿಯನ್ನು ವಿಕಾರ ಮಾಡಿದರೆ ಲೇಖಕರು ತಡೆಯಬಹುದು ಅಂತ ಕೋರ್ಟು ಒಪ್ಪಿತು.

ನನ್ನ ಸಲಹೆ: ಬಾಯಿಮಾತು ಬೇಡ. ಕಥೆ ನಡೆಯುವ ಊರು, ಕೊನೆ, ಪಾತ್ರಗಳ ಭಾಷೆ ಇಷ್ಟನ್ನೂ ಒಪ್ಪಂದದಲ್ಲಿ ಬರೆಸಿ. ಇಷ್ಟು ವರ್ಷದೊಳಗೆ ಸಿನಿಮಾ ಆಗದಿದ್ದರೆ ಹಕ್ಕು ವಾಪಸ್ ಅನ್ನುವ ಸಾಲೂ ಇರಲಿ.

ಪಯಸ್ವಿನಿ:
ನಿರ್ಮಾಪಕರು ಒಪ್ಪದಿದ್ದರೆ ಬೇರೆ ದಾರಿಯೂ ಉಂಟು. ‘ಡೇರ್‌ಡೆವಿಲ್ ಮುಸ್ತಾಫಾ’ ನೆನಪುಂಟಾ? ತೇಜಸ್ವಿ ಅವರ ಕಥೆ. ಅವರ ಓದುಗರೇ ನೂರರಷ್ಟು ಜನ ಸೇರಿ ಹಣ ಹಾಕಿದರು. 2023ರಲ್ಲಿ ಬಿಡುಗಡೆಯಾಯಿತು, ಜನ ನೋಡಿದರು. ಓದುಗರೇ ಬಂಡವಾಳ ಹಾಕಿದರೆ ‘ಜನಕ್ಕೆ ಇದು ಬೇಡ’ ಅಂತ ಹೇಳಲು ಯಾರೂ ಇರುವುದಿಲ್ಲ.

ಅಡೂರು 671:
ತೇಜಸ್ವಿಗೆ ಇರುವಷ್ಟು ಓದುಗರು ನಮ್ಮ ಊರಿನ ಲೇಖಕರಿಗೆ ಎಲ್ಲಿ?

ಪಯಸ್ವಿನಿ:
ಊರಿನ ಗ್ರಂಥಾಲಯ, ಕನ್ನಡ ಶಾಲೆಗಳ ಹಳೆ ವಿದ್ಯಾರ್ಥಿಗಳು, ಗಲ್ಫಿನಲ್ಲಿ ಇರುವ ನಮ್ಮವರು. ಕೇಳಿ ನೋಡದೆ ಇಲ್ಲ ಅನ್ನಬೇಡಿ.

ಬದಿಯಡ್ಕ ಟು ಬೆಂಗಳೂರು:
ಇದು ಆಗುವ ಮಾತು. ಮೊದಲು ಒಂದೇ ಒಂದು ದೃಶ್ಯ ತೆಗೆಯಿರಿ. ನಾಲ್ಕೂ ಭಾಷೆ ಬರುವ ದೃಶ್ಯ ಇರಲಿ, ಕೆಳಗೆ ಕನ್ನಡದಲ್ಲಿ ಸಬ್‌ಟೈಟಲ್ ಹಾಕಿ. ಕಾಗದದ ಮೇಲೆ ಹೆದರುವ ನಿರ್ಮಾಪಕರು ತೆರೆಯ ಮೇಲೆ ನೋಡಿದಾಗ ಒಪ್ಪಿದ್ದನ್ನು ನಾನೇ ಕಂಡಿದ್ದೇನೆ. ಕ್ಯಾಮೆರಾದವರು ಬೇಕಿದ್ದರೆ ಹೇಳಿ, ನಾನು ಮಾತಾಡುತ್ತೇನೆ. ಆದರೆ ಕೊನೆಯ ವಿಷಯದಲ್ಲಿ ನೀವು ಸ್ವಲ್ಪ ಬಗ್ಗಲೇಬೇಕಾಗಬಹುದು. ಅಳಿಸಿ ಕಳಿಸಿದರೆ ಜನ ಎರಡನೇ ಸಲ ಬರುವುದಿಲ್ಲ ಅನ್ನುವುದು ಅವರೆಲ್ಲರ ನಂಬಿಕೆ.

ಪೆರ್ಲದ ಮೇಷ್ಟ್ರು:
ಆ ನಂಬಿಕೆ ಎಲ್ಲಿಂದ ಬಂತೋ! 1971ರ ‘ಶರಪಂಜರ’ ತ್ರಿವೇಣಿ ಅವರ ಕಾದಂಬರಿ. ಕಾವೇರಿ ಕೊನೆಗೆ ಮತ್ತೆ ಹುಚ್ಚಾಸ್ಪತ್ರೆಗೇ ಹೋಗುತ್ತಾಳೆ. 1972ರ ‘ಬಂಗಾರದ ಮನುಷ್ಯ’ ಟಿ.ಕೆ. ರಾಮರಾವ್ ಅವರ ಕಾದಂಬರಿ. ಎಲ್ಲವನ್ನೂ ಕಟ್ಟಿ ಬೆಳೆಸಿದ ರಾಜೀವ ಕೊನೆಗೆ ಬರಿಗೈಲಿ ಮನೆ ಬಿಟ್ಟು ಹೋಗುತ್ತಾನೆ. ರಾಜ್‌ಕುಮಾರ್ ಅಂಥ ನಾಯಕನಿಗೆ ಆ ಕೊನೆ! ಬೆಂಗಳೂರಿನ ಸ್ಟೇಟ್ಸ್ ಥಿಯೇಟರಿನಲ್ಲಿ ಸುಮಾರು ಎರಡು ವರ್ಷ ಓಡಿತು. ಅದೇ ವರ್ಷದ ‘ನಾಗರಹಾವು’ವಿನಲ್ಲಿ ರಾಮಾಚಾರಿಯೂ ಮಾರ್ಗರೆಟ್ಟೂ ಸಾಯುತ್ತಾರೆ. ಮೂರೂ ಕಾದಂಬರಿ ಆಧಾರಿತ, ಮೂರೂ ದುಡ್ಡು ಮಾಡಿದ ಸಿನಿಮಾಗಳು. ಜನ ಮತ್ತೆ ಮತ್ತೆ ಹೋಗಿ ಅತ್ತರು.

ಮನೆ ಬಿಟ್ಟು ಹೋಗುವ ತಮ್ಮನನ್ನು ವಾಪಸ್ ತರಬೇಡಿ. ರಾಜೀವನನ್ನು ಸಿದ್ದಲಿಂಗಯ್ಯನವರು ವಾಪಸ್ ತರಲಿಲ್ಲ.

ಕುಂಬಳೆ ಕಡಲು:
ಮೇಷ್ಟ್ರೆ, ಇದನ್ನು ಹಾಗೆಯೇ ಬರೆದುಕೊಂಡು ಹೋಗುತ್ತೇನೆ. ಬದಿಯಡ್ಕದವರೇ, ಕ್ಯಾಮೆರಾದವರ ನಂಬರು ಖಾಸಗಿಯಾಗಿ ಕಳಿಸಿ. ಸಂತೆಯ ದೃಶ್ಯ ಮೊದಲು ತೆಗೆಯೋಣ ಅಂತ ಗೆಳೆಯನೂ ಒಪ್ಪಿದ್ದಾನೆ. ಮಲಯಾಳಂ, ಬ್ಯಾರಿ ಎರಡೂ ಸರಾಗವಾಗಿ ಮಾತಾಡುವ ಅರುವತ್ತರ ಮೇಲಿನ ಹೆಂಗಸು ಒಬ್ಬರು ಬೇಕು.

ತಳಂಗರೆ ಹುಡುಗಿ:
ನನ್ನ ಚಿಕ್ಕಮ್ಮ ಇದ್ದಾರೆ. ನಾಳೆ ಕೇಳಿ ಹೇಳುತ್ತೇನೆ.